ಕೌನ್ಸೆಲಿಂಗ್ ಬಾಗಿಲು ತಟ್ಟುವ ಮುಂಚೆ: ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಓದುವ ದಿನಗಳಲ್ಲಿ ನಾನು ಕೌನ್ಸೆಲಿಂಗ್ ಕೇಂದ್ರದ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸ್ ಬಂದಿದ್ದೆ. ಮೊದಲ ಸಲ ಕ್ಲಾಸಿನ ಹುಡುಗನೊಬ್ಬ ಎದುರಿಗೆ ಸಿಕ್ಕ. ಫೋನ್ ನೋಡುತ್ತಾ ಹಾಗೇ ಮುಂದೆ ನಡೆದುಬಿಟ್ಟೆ. ಎರಡನೇ ಸಲ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಆದರೂ ಕೈ ಮೇಲೇಳಲಿಲ್ಲ. 'ನನ್ನದೇನು ಮಹಾ ಕಷ್ಟ, ನಿಜವಾಗಿ ಕಷ್ಟದಲ್ಲಿರುವವರ ಜಾಗ ನಾನ್ಯಾಕೆ ಹಿಡಿಯಲಿ' ಅನ್ನಿಸಿತ್ತು. ಮೂರನೇ ಸಲ ಒಳಗೆ ಹೋಗಿ ಕೂರುವ ಹೊತ್ತಿಗೆ ಪೂರ್ತಿ ಒಂದು ಸೆಮಿಸ್ಟರ್ ಕೈಬಿಟ್ಟು ಹೋಗಿತ್ತು. ಆಮೇಲೆ ವಿದ್ಯಾರ್ಥಿಗಳ ಜೊತೆ ಕೂತು ಮಾತಾಡುವುದೇ ನನ್ನ ಕೆಲಸವಾಯಿತು. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಬಾಗಿಲ ಹೊರಗೆ ನಿಂತಿರುವವರಿಗೆ ಅಂತಲೇ ಬರೆದಿದ್ದೇನೆ.

ನನ್ನ ಸಮಸ್ಯೆ ಅಷ್ಟೇನೂ ದೊಡ್ಡದಲ್ಲ. ಆದರೂ ಹೋಗಬಹುದಾ?

ಹೋಗಬಹುದು. ಹೋಗಬೇಕು ಅಂತಲೇ ಹೇಳುತ್ತೇನೆ. ಕಷ್ಟ ಇಷ್ಟು ಉದ್ದ ಇದ್ದರೆ ಮಾತ್ರ ಒಳಗೆ ಬಿಡುತ್ತೇವೆ ಅಂತ ಯಾವ ಕೌನ್ಸೆಲರೂ ಅಳತೆಪಟ್ಟಿ ಹಿಡಿದು ಕೂತಿರುವುದಿಲ್ಲ. ರೂಮ್‌ಮೇಟ್ ಜೊತೆ ಹೊಂದಾಣಿಕೆ ಆಗುತ್ತಿಲ್ಲ, ಪ್ರೀತಿ ಮುರಿದುಬಿತ್ತು, ಮನೆ ನೆನಪಾಗಿ ರಾತ್ರಿ ನಿದ್ದೆ ಬರುವುದಿಲ್ಲ, ತೆಗೆದುಕೊಂಡ ಕೋರ್ಸೇ ತಪ್ಪಾಯಿತು ಅನ್ನಿಸುತ್ತಿದೆ. ಇವೆಲ್ಲ ಅಲ್ಲಿಗೆ ದಿನವೂ ಬರುವ ಮಾತುಗಳೇ.

ಗಮನಿಸಬೇಕಾದದ್ದು ಕಷ್ಟದ ಗಾತ್ರಕ್ಕಿಂತ ಅದು ಎಷ್ಟು ದಿನದಿಂದ ಇದೆ, ನಿಮ್ಮ ದಿನವನ್ನು ಎಷ್ಟು ತಿಂದುಹಾಕುತ್ತಿದೆ ಅನ್ನುವುದನ್ನು. ಎರಡು ವಾರದಿಂದ ನಿದ್ದೆ, ಊಟ ಏರುಪೇರಾಗಿದೆಯಾ? ಕ್ಲಾಸಿಗೆ ಹೋಗಲು ಮನಸ್ಸಾಗುತ್ತಿಲ್ಲವಾ? ಮೊದಲು ಇಷ್ಟಪಡುತ್ತಿದ್ದ ಆಟ, ಹಾಡು, ಹರಟೆ ಯಾವುದೂ ರುಚಿಸುತ್ತಿಲ್ಲವಾ? ಇಷ್ಟೇ ಸಾಕು ಹೋಗುವುದಕ್ಕೆ.

ಈ ವಯಸ್ಸಿನಲ್ಲಿ ಬೇಗ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. 2005ರಲ್ಲಿ ಅಮೆರಿಕದ ಒಂದು ದೊಡ್ಡ ಸಮೀಕ್ಷೆ ಪ್ರಕಟವಾಯಿತು. ಜೀವನದಲ್ಲಿ ಯಾವಾಗಲಾದರೂ ಕಾಣಿಸಿಕೊಳ್ಳುವ ಮಾನಸಿಕ ಸಮಸ್ಯೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೆ, ಮುಕ್ಕಾಲು ಪಾಲು 24 ವರ್ಷದೊಳಗೆ ಶುರುವಾಗುತ್ತವೆ ಅಂತ ಅದರಲ್ಲಿ ಕಂಡುಬಂತು. ಅಂದರೆ ಕಾಲೇಜಿನ ವರ್ಷಗಳು ಸರಿಯಾಗಿ ಆ ಹೊತ್ತಿಗೇ ಬೀಳುತ್ತವೆ. ಶುರುವಿನಲ್ಲೇ ನೋಡಿಕೊಂಡರೆ ಸಂಭಾಳಿಸುವುದು ಸುಲಭ.

ಕೌನ್ಸೆಲಿಂಗ್‌ಗೆ ಹೋದರೆ ನನಗೆ ತಲೆ ಕೆಟ್ಟಿದೆ ಅಂತ ಅರ್ಥನಾ?

ಇಲ್ಲ. ಅಲ್ಲಿಗೆ ಬರುವ ಎಷ್ಟೋ ಜನಕ್ಕೆ ಯಾವ ಕಾಯಿಲೆಯೂ ಇರುವುದಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳಿಗೆ ಮಾನಸಿಕ ಆರೋಗ್ಯ ಸೇವೆ ಶುರು ಮಾಡಿದ್ದು 1910ರಲ್ಲಿ. ಓದುವ ವಯಸ್ಸಿನವರಿಗೆ ಇಂಥ ಆಸರೆ ಬೇಕು ಅಂತ ನೂರು ವರ್ಷಕ್ಕೂ ಹಿಂದೆಯೇ ಗೊತ್ತಿತ್ತು. ಕನ್ನಡಕ ಹಾಕಿಕೊಂಡವರನ್ನು ನಾವು ಕುರುಡರು ಅನ್ನುತ್ತೇವಾ?

ಮೊದಲ ದಿನ ಒಳಗೆ ಏನಾಗುತ್ತದೆ?

ಹೆದರಿಕೆ ಹುಟ್ಟಿಸುವುದು ಗೊತ್ತಿಲ್ಲದ ಜಾಗ ಅನ್ನುವ ಭಾವನೆಯೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಒಂದು ಫಾರ್ಮ್ ಕೊಡುತ್ತಾರೆ. ಹೆಸರು, ವಿಭಾಗ, ತುರ್ತಿಗೆ ಯಾರನ್ನು ಸಂಪರ್ಕಿಸಬೇಕು, ಮುಂಚೆ ಎಲ್ಲಾದರೂ ತೋರಿಸಿದ್ದೀರಾ, ಇಂಥವು. ಹಲವು ಕಡೆ ಅದರ ಜೊತೆ ಒಂದು ಪುಟ್ಟ ಪ್ರಶ್ನಾವಳಿಯೂ ಇರುತ್ತದೆ. ಖಿನ್ನತೆಗೆ ಹೆಚ್ಚಾಗಿ ಬಳಸುವುದು ಪಿಎಚ್‌ಕ್ಯೂ-9. ಅದರಲ್ಲಿ ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಹೀಗೆ ಎಷ್ಟು ದಿನ ಅನ್ನಿಸಿತು ಅಂತ ಕೇಳಿ ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು 27. ಆತಂಕಕ್ಕೆ ಜಿಎಡಿ-7 ಅಂತ ಇದೆ. ಏಳು ಪ್ರಶ್ನೆ, ಒಟ್ಟು 21 ಅಂಕ. ಇದು ಪರೀಕ್ಷೆ ಅಂದುಕೊಳ್ಳಬೇಡಿ. ಪಾಸು ಫೇಲು ಏನೂ ಇಲ್ಲ. ಎಲ್ಲಿಂದ ಮಾತು ಶುರು ಮಾಡಬೇಕು ಅಂತ ಕೌನ್ಸೆಲರ್‌ಗೆ ತಿಳಿಯಲಿ ಅಂತಷ್ಟೇ.

ಆಮೇಲೆ ರೂಮು. ಎರಡು ಕುರ್ಚಿ, ಎದುರುಬದುರಾಗಿ ಅಲ್ಲದೆ ತುಸು ಓರೆಯಾಗಿ ಹಾಕಿರುತ್ತಾರೆ. ಕಣ್ಣಿಗೆ ಕಣ್ಣು ಕೊಟ್ಟು ನೋಡಲೇಬೇಕು ಅನ್ನುವ ಒತ್ತಡ ಆಗ ಇರುವುದಿಲ್ಲ. ಕೈಗೆ ಸಿಗುವಷ್ಟು ದೂರದಲ್ಲಿ ಟಿಶ್ಯೂ ಡಬ್ಬಿ. ನನ್ನ ಮೊದಲ ಸೆಷನ್‌ನಲ್ಲಿ ಕೌನ್ಸೆಲರ್ "ಇವತ್ತು ಬರೋದು ಕಷ್ಟ ಆಯ್ತಾ?" ಅಂತ ಕೇಳಿದರು. ನಾನು ಮನೆಯಿಂದ ಉರುಹೊಡೆದು ಹೋಗಿದ್ದ ವಾಕ್ಯಗಳೆಲ್ಲ ಮರೆತುಹೋದವು. ಎಷ್ಟೋ ಹೊತ್ತು ಟಿಶ್ಯೂ ಹರಿದು ಹರಿದು ಉಂಡೆ ಮಾಡುತ್ತಾ ಕೂತೆ. ಅವರು ಅವಸರ ಮಾಡಲಿಲ್ಲ. ಗಡಿಯಾರ ನೋಡಲಿಲ್ಲ. ಆ ಸುಮ್ಮನಿರುವಿಕೆಯಲ್ಲೇ ನನಗೆ ಧೈರ್ಯ ಬಂತು.

ಒಂದು ಸೆಷನ್ ಸಾಮಾನ್ಯವಾಗಿ 45ರಿಂದ 50 ನಿಮಿಷ. ಎಲ್ಲವನ್ನೂ ಮೊದಲ ದಿನವೇ ಹೇಳಬೇಕಿಲ್ಲ. "ಇದರ ಬಗ್ಗೆ ಈಗ ಬೇಡ" ಅನ್ನುವ ಹಕ್ಕು ನಿಮಗಿದೆ.

ನಾನು ಹೇಳಿದ್ದು ಮನೆಯವರಿಗೆ, ಮೇಷ್ಟ್ರಿಗೆ ಗೊತ್ತಾಗುತ್ತದಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ನೀವು ಒಳಗೆ ಹೇಳಿದ್ದು ಒಳಗೇ ಇರಬೇಕು ಅನ್ನುವುದು ಈ ವೃತ್ತಿಯ ಅಡಿಪಾಯ. ನಿಮ್ಮ ಒಪ್ಪಿಗೆ ಇಲ್ಲದೆ ವಿಭಾಗಕ್ಕಾಗಲಿ, ಹಾಸ್ಟೆಲ್‌ಗಾಗಲಿ ಹೇಳುವಂತಿಲ್ಲ. ಕೌನ್ಸೆಲಿಂಗ್ ದಾಖಲೆಯನ್ನು ಅಂಕಪಟ್ಟಿಯ ಜೊತೆ ಸೇರಿಸುವುದೂ ಇಲ್ಲ.

ಆದರೆ ಇದಕ್ಕೆ ಕೆಲವು ಮಿತಿಗಳಿವೆ. ಅವುಗಳನ್ನು ಮುಚ್ಚಿಡುವುದು ಸರಿಯಲ್ಲ. ನಿಮ್ಮ ಜೀವಕ್ಕೆ ತಕ್ಷಣದ ಅಪಾಯ ಇದ್ದರೆ, ಇನ್ನೊಬ್ಬರ ಜೀವಕ್ಕೆ ನಿಮ್ಮಿಂದ ಅಪಾಯ ಇದ್ದರೆ, ಮಗುವೊಂದರ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ಅಥವಾ ನ್ಯಾಯಾಲಯ ಆದೇಶ ಕೊಟ್ಟರೆ ಕೌನ್ಸೆಲರ್ ಮೌನ ಮುರಿಯಬೇಕಾಗಬಹುದು. ಎರಡನೆಯ ಮಿತಿಯ ಹಿಂದೆ ವಿಶ್ವವಿದ್ಯಾಲಯದ್ದೇ ಒಂದು ದುರಂತ ಇದೆ. 1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಒಬ್ಬ ವಿದ್ಯಾರ್ಥಿ ತಾನು ಒಬ್ಬ ಹುಡುಗಿಯನ್ನು ಕೊಲ್ಲುವ ಯೋಚನೆಯಲ್ಲಿದ್ದೇನೆ ಅಂತ ತನ್ನ ಸೈಕಾಲಜಿಸ್ಟ್‌ಗೆ ಹೇಳಿದ್ದ. ಪೊಲೀಸರಿಗೆ ತಿಳಿಸಿದರು, ಆದರೆ ಆ ಹುಡುಗಿಗಾಗಲಿ ಮನೆಯವರಿಗಾಗಲಿ ಯಾರೂ ಎಚ್ಚರಿಕೆ ಕೊಡಲಿಲ್ಲ. ಕೊಲೆ ನಡೆದೇಹೋಯಿತು. ಆ ಹುಡುಗಿಯ ಹೆಸರಿನಿಂದ ಅದನ್ನು ತಾರಾಸಾಫ್ ಪ್ರಕರಣ ಅನ್ನುತ್ತಾರೆ. ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಚಿಕಿತ್ಸಕರಿಗೂ ಇದೆ ಅಂತ 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಈ ನಿಯಮಗಳ ವಿವರ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಆದ್ದರಿಂದ ಮೊದಲ ಸೆಷನ್‌ನಲ್ಲೇ ನೇರವಾಗಿ ಕೇಳಿ: "ನೀವು ಯಾವ ಸಂದರ್ಭದಲ್ಲಿ ನನ್ನ ಮಾತನ್ನು ಬೇರೆಯವರಿಗೆ ಹೇಳುತ್ತೀರಿ?" ಒಳ್ಳೆಯ ಕೌನ್ಸೆಲರ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ನೀವು ಕೇಳುವ ಮುಂಚೆ ಅವರೇ ಹೇಳುತ್ತಾರೆ.

ಇನ್ನೊಂದು ಮಾತು. ಸಾಯಬೇಕು ಅನ್ನಿಸಿತ್ತು ಅಂತ ಹೇಳಿದ ಕೂಡಲೇ ಮನೆಗೆ ಫೋನ್ ಹೋಗುತ್ತದೆ ಅಂತ ತುಂಬಾ ಜನ ಭಯಪಡುತ್ತಾರೆ. ಯೋಚನೆ ಬರುವುದು ಬೇರೆ, ಇವತ್ತೇ ಏನಾದರೂ ಮಾಡಿಕೊಳ್ಳುವ ಸ್ಥಿತಿ ಬೇರೆ. ಕೌನ್ಸೆಲರ್‌ಗೆ ಈ ವ್ಯತ್ಯಾಸ ಗೊತ್ತು.

ಕೌನ್ಸೆಲರ್, ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್: ಯಾರ ಹತ್ತಿರ ಹೋಗಬೇಕು?

ಸೈಕಿಯಾಟ್ರಿಸ್ಟ್ ಅಂದರೆ ವೈದ್ಯಶಾಸ್ತ್ರ ಓದಿದ ಡಾಕ್ಟರ್, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಸಮಸ್ಯೆಯನ್ನು ಅಳೆದು ಗುರುತಿಸಿ ಮಾತಿನ ಚಿಕಿತ್ಸೆ ಕೊಡುತ್ತಾರೆ. ಕೌನ್ಸೆಲರ್ ಓದು, ಸಂಬಂಧ, ದುಃಖ, ಒತ್ತಡ ಇಂಥವುಗಳಲ್ಲಿ ಜೊತೆಗಿರುತ್ತಾರೆ. ಯಾರು ಅಂತ ತೀರ್ಮಾನಿಸುವ ತಲೆನೋವು ನಿಮಗೆ ಬೇಡ. ಕೌನ್ಸೆಲರ್ ಹತ್ತಿರ ಶುರು ಮಾಡಿ, ಬೇಕಾದರೆ ಅವರೇ ಮುಂದೆ ಕಳಿಸುತ್ತಾರೆ.

ಸುಮ್ನೆ ಮಾತಾಡಿದರೆ ಏನು ಬದಲಾಗುತ್ತದೆ? ಅದಕ್ಕೆ ಗೆಳೆಯರು ಸಾಕಲ್ವಾ?

ಗೆಳೆಯರು ಬೇಕೇ ಬೇಕು. ಆದರೆ ಗೆಳೆಯ ನಿಮ್ಮ ಪಕ್ಷ ವಹಿಸುತ್ತಾನೆ, ಸಲಹೆ ಕೊಡುತ್ತಾನೆ, ತನ್ನ ಕಥೆ ಶುರು ಮಾಡುತ್ತಾನೆ. ಕೌನ್ಸೆಲಿಂಗ್‌ನಲ್ಲಿ ಆ ಮುಕ್ಕಾಲು ಗಂಟೆ ಪೂರ್ತಿ ನಿಮ್ಮದು.

ಅಲ್ಲಿ ಮಾತಿಗೆ ಒಂದು ದಾರಿಯೂ ಇರುತ್ತದೆ. ಉದಾಹರಣೆಗೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ. ಎಲ್ಲರೂ ಸಿಬಿಟಿ ಅನ್ನುತ್ತಾರೆ. ಇದರ ಬೇರು 1960ರ ದಶಕದಲ್ಲಿ ಸೈಕಿಯಾಟ್ರಿಸ್ಟ್ ಆರನ್ ಬೆಕ್ ಮಾಡಿದ ಕೆಲಸದಲ್ಲಿದೆ. ಒಬ್ಬ ಹುಡುಗಿ ಸೆಮಿನಾರ್ ಕೊಟ್ಟಳು ಅನ್ನಿ. ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು. 'ನನ್ನನ್ನೇ ನೋಡಿ ನಕ್ಕರು, ನನಗೆ ಏನೂ ಬರುವುದಿಲ್ಲ' ಅಂತ ಅವಳಿಗೆ ಅನ್ನಿಸಿತು. ಮುಂದಿನ ಸೆಮಿನಾರಿಗೆ ಹುಷಾರಿಲ್ಲ ಅಂತ ರಜೆ ಹಾಕಿದಳು. ಕೌನ್ಸೆಲರ್ ಅವಳ ಕೈಗೆ ಹಾಳೆ ಕೊಟ್ಟು ನಾಲ್ಕು ಕಾಲಂ ಹಾಕಿಸುತ್ತಾರೆ. ನಡೆದದ್ದೇನು? ಮನಸ್ಸಿಗೆ ಬಂದ ಯೋಚನೆ ಯಾವುದು? ಆಗ ಮಾಡಿದ್ದೇನು? ಆ ಯೋಚನೆಗೆ ಪುರಾವೆ ಏನು? ನಾಲ್ಕನೇ ಕಾಲಂಗೆ ಬಂದಾಗ ಪೆನ್ನು ನಿಲ್ಲುತ್ತದೆ. ಅವರು ಯಾಕೆ ನಕ್ಕರು ಅಂತ ಅವಳಿಗೆ ಗೊತ್ತೇ ಇಲ್ಲ! ಯೋಚನೆಯನ್ನು ನಿಜ ಅಂದುಕೊಳ್ಳುವ ಮುಂಚೆ ಒಂದು ಸಲ ತಡೆದು ನೋಡುವ ಅಭ್ಯಾಸ ಅಲ್ಲಿಂದ ಶುರುವಾಗುತ್ತದೆ. ಕೇಳಲು ಚಿಕ್ಕದು. ಮಾಡಲು ವಾರಗಟ್ಟಲೆ ಬೇಕು. ಆದರೆ ಒಮ್ಮೆ ಕೈಗೆ ಹತ್ತಿದರೆ ಜೀವನಪೂರ್ತಿ ಉಳಿಯುತ್ತದೆ.

ಎಷ್ಟು ಸಲ ಹೋಗಬೇಕು?

ಕೆಲವರಿಗೆ ಒಂದೆರಡು ಸಲವೇ ಸಾಕು. ಸಿಬಿಟಿ ಸಾಮಾನ್ಯವಾಗಿ 6ರಿಂದ 20 ಸೆಷನ್ ನಡೆಯುತ್ತದೆ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ ಇಷ್ಟೇ ಅಂತ ಮಿತಿ ಇರುತ್ತದೆ. ಮೊದಲೇ ಕೇಳಿಕೊಳ್ಳಿ. ಮಿತಿ ಮುಗಿದ ಮೇಲೆ ಎಲ್ಲಿಗೆ ಕಳಿಸುತ್ತೀರಿ ಅಂತಲೂ ಕೇಳಿ.

ಮಾತ್ರೆ ತೆಗೆದುಕೊಳ್ಳಲೇಬೇಕಾ? ಚಟ ಆಗುತ್ತದಾ?

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಖಿನ್ನತೆಗೆ ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಆದರೆ ದಿಢೀರ್ ಅಂತ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಬರಬಹುದು. ಅದಕ್ಕೇ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಪರಿಣಾಮ ಚೆನ್ನಾಗಿ ಕಾಣಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನ ನುಂಗಿ 'ಏನೂ ಆಗಲಿಲ್ಲ' ಅಂತ ಬಿಟ್ಟವರನ್ನು ಜಾಸ್ತಿ ನೋಡಿದ್ದೇನೆ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. 25 ವರ್ಷದೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಸಾಯುವ ಯೋಚನೆಗಳು ಕೆಲವೊಮ್ಮೆ ಹೆಚ್ಚಾಗಬಹುದು. ಹಾಗೇನಾದರೂ ಅನ್ನಿಸಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅವತ್ತೇ ಡಾಕ್ಟರಿಗೆ ಹೇಳಿ. ಗೆಳೆಯರ ಮಾತ್ರೆಯನ್ನಂತೂ ಮುಟ್ಟಲೇಬೇಡಿ.

ಕೌನ್ಸೆಲರ್ ಹಿಡಿಸಲಿಲ್ಲ. ಬೇರೆಯವರನ್ನು ಕೇಳಿದರೆ ಅವರಿಗೆ ಬೇಜಾರಾಗುವುದಿಲ್ಲವಾ?

ಆಗುವುದಿಲ್ಲ. ಇಬ್ಬರ ನಡುವೆ ನಂಬಿಕೆ ಕೂಡಿಬರುವುದು ಚಿಕಿತ್ಸೆಯ ಫಲಕ್ಕೆ ತುಂಬಾ ಮುಖ್ಯ ಅಂತ ಸಂಶೋಧನೆಗಳು ಹೇಳುತ್ತಾ ಬಂದಿವೆ. ಎರಡು ಮೂರು ಸೆಷನ್ ನೋಡಿ. ಆಗಲೂ ಮಾತು ಗಂಟಲಲ್ಲೇ ನಿಂತರೆ ಬದಲಾಯಿಸಿಕೊಡಿ ಅಂತ ಕೇಳಿ. ನಿಮ್ಮ ಭಾಷೆ ಬಲ್ಲವರು ಬೇಕು, ಮಹಿಳೆಯೇ ಬೇಕು ಅಂತಲೂ ಕೇಳಬಹುದು. ಆದರೆ ನಿಮ್ಮ ಜಾತಿ, ಧರ್ಮ, ಲೈಂಗಿಕತೆಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಮೂರನೇ ಸೆಷನ್‌ವರೆಗೆ ಕಾಯಬೇಕಿಲ್ಲ. ಎದ್ದು ಬನ್ನಿ, ದೂರು ಕೊಡಿ.

ಮೂರು ವಾರ ಕಾಯಬೇಕು ಅಂದರು. ಅಲ್ಲಿಯವರೆಗೆ ಏನು ಮಾಡಲಿ?

ಹೆಸರು ಬರೆಸಿಯೇ ಬನ್ನಿ. 'ಬೇಡ ಬಿಡಿ' ಅಂತ ವಾಪಸ್ ಬರಬೇಡಿ. ಯಾರಾದರೂ ರದ್ದು ಮಾಡಿದರೆ ನನ್ನನ್ನು ಕರೆಯಿರಿ ಅಂತ ಹೇಳಿ. ಬಹಳಷ್ಟು ಕೇಂದ್ರಗಳು ತುರ್ತಿಗೆ ಅಂತ ದಿನಕ್ಕೆ ಕೆಲವು ಸ್ಲಾಟ್ ಬಿಟ್ಟಿರುತ್ತವೆ. ನಿಮ್ಮದು ತುರ್ತು ಅನ್ನಿಸಿದರೆ ಆ ಪದವನ್ನೇ ಬಾಯಿಬಿಟ್ಟು ಹೇಳಿ. ಸಂಕೋಚಕ್ಕೆ 'ಪರವಾಗಿಲ್ಲ, ಕಾಯುತ್ತೇನೆ' ಅನ್ನಬೇಡಿ. ಈ ನಡುವೆ ಗ್ರೂಪ್ ಸೆಷನ್ ಇದ್ದರೆ ಸೇರಿ. ಹತ್ತು ಜನರ ಮುಂದೆ ಮಾತಾಡುವುದಾ ಅಂತ ಮುಖ ಸಿಂಡರಿಸುವವರೇ ಜಾಸ್ತಿ. ಆದರೆ 'ನನಗೊಬ್ಬನಿಗೇ ಹೀಗೆ' ಅನ್ನುವ ಗಂಟು ಅಲ್ಲಿ ಸಡಿಲವಾದಷ್ಟು ಬೇಗ ಇನ್ನೆಲ್ಲೂ ಸಡಿಲವಾಗುವುದಿಲ್ಲ.

ಪರೀಕ್ಷೆ ಹಾಲ್‌ನಲ್ಲಿ ಎದೆ ಡವಡವ ಅಂದು ಎಲ್ಲ ಮರೆತುಹೋಗುತ್ತದೆ. ಇದಕ್ಕೆ ಏನಾದರೂ ದಾರಿ ಇದೆಯಾ?

ಇದೆ. ಪ್ಯಾನಿಕ್, ಅಂದರೆ ದಿಢೀರ್ ಅಂತ ಏರುವ ತೀವ್ರ ಭಯ, ಬಂದಾಗ ಹೃದಯವೇ ನಿಂತುಹೋಗುತ್ತದೆ ಅನ್ನಿಸುತ್ತದೆ. ಸಾಮಾನ್ಯವಾಗಿ ಅದು ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಇದು ಗೊತ್ತಿದ್ದರೇ ಅರ್ಧ ಭಯ ಕಡಿಮೆ. ಉಸಿರನ್ನು ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ. ಹೀಗೆ ಮನಸ್ಸಲ್ಲೇ ಎಣಿಸಿ. ಓಡುತ್ತಿರುವ ಮನಸ್ಸು ಕೂತ ಬೆಂಚಿಗೆ ವಾಪಸ್ ಬರುತ್ತದೆ. ಇದನ್ನು ಪರೀಕ್ಷೆಯ ದಿನವೇ ಮೊದಲ ಸಲ ಮಾಡಿದರೆ ಅಷ್ಟಾಗಿ ಫಲ ಕೊಡುವುದಿಲ್ಲ. ರೂಮಿನಲ್ಲಿ ದಿನವೂ ಅಭ್ಯಾಸ ಮಾಡಿ. ಎದೆನೋವು ಮೊದಲ ಸಲ ಬಂದಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.

ಎಲ್ಲರೂ ಬುದ್ಧಿವಂತರು, ನಾನು ಮಾತ್ರ ಅದೃಷ್ಟದಿಂದ ಸೀಟು ಪಡೆದವಳು ಅನ್ನಿಸುತ್ತದೆ.

ಈ ಭಾವನೆಗೆ ಹೆಸರೇ ಇದೆ. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅನ್ನುವ ಸೈಕಾಲಜಿಸ್ಟ್‌ಗಳು ಇದನ್ನು ಇಂಪಾಸ್ಟರ್ ಫಿನಾಮಿನನ್, ಅಂದರೆ ತಾನು ಯೋಗ್ಯತೆ ಇಲ್ಲದ ನಕಲಿ ಅನ್ನುವ ಭಾವ, ಅಂತ ಕರೆದರು. ಅವರು ಇದನ್ನು ಕಂಡದ್ದು ಓದಿನಲ್ಲಿ, ಕೆಲಸದಲ್ಲಿ ಮುಂದಿದ್ದ ಹೆಂಗಸರಲ್ಲೇ. ಆಮೇಲೆ ಗಂಡಸರಲ್ಲೂ ಕಂಡುಬಂತು. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಇದು ಇನ್ನೂ ಜೋರಾಗಿ ಕಾಡುತ್ತದೆ. ಆದರೆ ಒಂದು ಎಚ್ಚರ. ಕ್ಲಾಸಿನಲ್ಲಿ ನಿಮ್ಮನ್ನು ನಿಜವಾಗಿಯೂ ಕೀಳಾಗಿ ನಡೆಸಿಕೊಳ್ಳುತ್ತಿದ್ದರೆ ಅದು ನಿಮ್ಮ ಮನಸ್ಸಿನ ಕಲ್ಪನೆ ಅಲ್ಲ. ಅದನ್ನು ತಾರತಮ್ಯ ಅಂತಲೇ ಕರೆಯಬೇಕು.

ಕೌನ್ಸೆಲಿಂಗ್ ಬಿಟ್ಟು ಬೇರೆ ಏನು ಸಹಾಯ ಸಿಗುತ್ತದೆ?

ಜನ ಅಂದುಕೊಂಡಿರುವುದಕ್ಕಿಂತ ಜಾಸ್ತಿ ಸಿಗುತ್ತದೆ. ಡಿಸ್ಲೆಕ್ಸಿಯಾ (ಓದು ಬರಹದ ತೊಂದರೆ), ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ದೀರ್ಘ ಕಾಯಿಲೆ, ತೀವ್ರ ಖಿನ್ನತೆ ಇರುವವರಿಗೆ ಹಲವು ಕಡೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬೇರೆ ರೂಮು, ಬರೆಯಲು ಸಹಾಯಕರು ಸಿಗುತ್ತಾರೆ. ಇದಕ್ಕೆ ಪ್ರಮಾಣಪತ್ರ ಬೇಕು. ಅದು ಕೈಗೆ ಬರಲು ದಿನ ಹಿಡಿಯುತ್ತದೆ. ಹಾಗಾಗಿ ಸೆಮಿಸ್ಟರ್ ಶುರುವಿನಲ್ಲೇ ಅರ್ಜಿ ಹಾಕಿ. ಶುಲ್ಕ ಕಟ್ಟಲು ಆಗದೆ ನಿದ್ದೆಗೆಟ್ಟವರಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸುವುದು ನನ್ನ ಪ್ರಕಾರ ಅನ್ಯಾಯ. ಅವರಿಗೆ ಬೇಕಾದದ್ದು ವಿದ್ಯಾರ್ಥಿವೇತನದ ಫಾರ್ಮ್ ಮತ್ತು ಅದನ್ನು ತುಂಬಲು ಪಕ್ಕದಲ್ಲಿ ಕೂರುವ ಒಬ್ಬರು. ರ‍್ಯಾಗಿಂಗ್, ಲೈಂಗಿಕ ಕಿರುಕುಳಕ್ಕೆ ಪ್ರತ್ಯೇಕ ಸಮಿತಿಗಳಿರುತ್ತವೆ. ದೂರು ಬರೆಯುವ ಧೈರ್ಯ ಕೂಡಿಸಿಕೊಳ್ಳಲು ಕೌನ್ಸೆಲರ್ ಜೊತೆಯಾಗುತ್ತಾರೆ. ಪಿಎಚ್‌ಡಿ ಮಾಡುವವರಿಗೆ ಗೈಡ್ ಜೊತೆ ತಿಕ್ಕಾಟ ಬಂದರೆ ಎಲ್ಲ ದಾರಿಯೂ ಮುಚ್ಚಿದಂತೆ ಕಾಣುತ್ತದೆ. ಕೆಲವು ಕಡೆ ಇದಕ್ಕೇ ಅಂತ ಓಂಬುಡ್ಸ್‌ಮನ್, ಅಂದರೆ ಪಕ್ಷ ವಹಿಸದೆ ದೂರು ಕೇಳುವವರು, ಇರುತ್ತಾರೆ, ಗೈಡ್ ಬದಲಿಸಿಕೊಳ್ಳಲೂ ನಿಯಮ ಇರುತ್ತದೆ. ಕೈಪಿಡಿ ತೆಗೆದು ಓದಿ.

ಒಂದು ಸೆಮಿಸ್ಟರ್ ಬಿಟ್ಟರೆ ಜೀವನ ಹಾಳಾಗುತ್ತದಾ?

ಹಾಳಾಗುವುದಿಲ್ಲ. ಆದರೆ ಸುಮ್ನೆ ಕ್ಲಾಸಿಗೆ ಹೋಗುವುದು ನಿಲ್ಲಿಸಬೇಡಿ. ಅಟೆಂಡೆನ್ಸ್ ಬೀಳುತ್ತದೆ, ಬ್ಯಾಕ್‌ಲಾಗ್ ಏರುತ್ತದೆ. ಅರ್ಜಿ ಕೊಟ್ಟು, ವೈದ್ಯಕೀಯ ಪತ್ರ ಲಗತ್ತಿಸಿ ಅಧಿಕೃತವಾಗಿ ರಜೆ ಪಡೆಯಿರಿ. ವಿದ್ಯಾರ್ಥಿವೇತನ, ಹಾಸ್ಟೆಲ್, ವಿದೇಶದಲ್ಲಿದ್ದರೆ ವೀಸಾ, ಇವುಗಳಿಗೆ ಏನಾಗುತ್ತದೆ ಅಂತ ಸಹಿ ಹಾಕುವ ಮುಂಚೆ ವಿಚಾರಿಸಿ.

ಚಾಟ್‌ಬಾಟ್ ಜೊತೆ ಮಾತಾಡಿದರೆ ಸಾಲದಾ?

ರಾತ್ರಿ ಎರಡು ಗಂಟೆಗೆ ಮನಸ್ಸಿನಲ್ಲಿರುವುದನ್ನು ಬರೆದು ಹೊರಹಾಕಲು ಅದು ನೆರವಾಗಬಹುದು. ಆದರೆ ನೀವು ಊಟ ಬಿಟ್ಟು ಸೊರಗಿದ್ದು ಅದಕ್ಕೆ ಕಾಣುವುದಿಲ್ಲ. ಅಪಾಯದ ಹೊತ್ತಲ್ಲಿ ನಿಮ್ಮ ಬಾಗಿಲಿಗೆ ಬರುವುದೂ ಇಲ್ಲ. ಅಲ್ಲಿ ಬರೆದದ್ದಕ್ಕೆ ಕೌನ್ಸೆಲರ್‌ಗಿರುವ ಗೌಪ್ಯತೆಯ ಕಟ್ಟುಪಾಡು ಕೂಡ ಇಲ್ಲ.

ಸಾಯಬೇಕು ಅನ್ನಿಸುತ್ತಿದೆ.

ಇದನ್ನು ಓದುತ್ತಿರುವ ಈ ಹೊತ್ತಲ್ಲೇ ಹಾಗನ್ನಿಸುತ್ತಿದ್ದರೆ ಉಳಿದದ್ದು ಆಮೇಲೆ ಓದಿ. ಒಬ್ಬರೇ ಇರಬೇಡಿ. ಪಕ್ಕದ ರೂಮಿನ ಬಾಗಿಲು ತಟ್ಟಿ, "ನನ್ನ ಜೊತೆ ಸ್ವಲ್ಪ ಹೊತ್ತು ಇರು" ಅನ್ನಿ. ಕಾರಣ ಹೇಳಲೇಬೇಕಿಲ್ಲ. ನಿಮ್ಮ ದೇಶದ ತುರ್ತು ಸಂಖ್ಯೆಗೆ ಅಥವಾ ಆತ್ಮಹತ್ಯೆ ತಡೆ ಸಹಾಯವಾಣಿಗೆ ಕರೆ ಮಾಡಿ. ನೋವು ಮಾಡಿಕೊಳ್ಳಬಹುದಾದ ಯಾವುದೇ ವಸ್ತು ಹತ್ತಿರ ಇದ್ದರೆ ಅದನ್ನು ಬೇರೆಯವರ ಕೈಗೆ ಕೊಡಿ, ಇಲ್ಲವೇ ನೀವೇ ಆ ಜಾಗ ಬಿಟ್ಟು ಜನ ಇರುವಲ್ಲಿಗೆ ಬನ್ನಿ. ಈ ತೀವ್ರತೆ ಅಲೆಯ ಹಾಗೆ ಏರಿ ಇಳಿಯುತ್ತದೆ. ಆ ಅಲೆ ದಾಟುವವರೆಗೆ ಜೊತೆಗೆ ಯಾರಾದರೂ ಇರಬೇಕು, ಅಷ್ಟೇ ಈಗಿನ ಕೆಲಸ.

ಗೆಳೆಯನಿಗೆ ಸಾಯುವ ಯೋಚನೆ ಇದೆಯೇನೋ ಅಂತ ಅನುಮಾನ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುವುದಿಲ್ಲವಾ?

ಆಗುವುದಿಲ್ಲ. ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಅಂತ ಸಂಶೋಧನೆಗಳು ತೋರಿಸಿವೆ. ಎಷ್ಟೋ ಸಲ ಕೇಳಿಸಿಕೊಂಡವನಿಗೆ ನಿರಾಳವೇ ಆಗುತ್ತದೆ. ಇಷ್ಟದ ವಸ್ತುಗಳನ್ನು ಹಂಚುವುದು, ಎಲ್ಲರಿಗೂ ವಿದಾಯ ಹೇಳಿದಂತೆ ಮಾತಾಡುವುದು, 'ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ' ಅನ್ನುವುದು ಕಂಡರೆ ತಡಮಾಡಬೇಡಿ. "ಸಾಯುವ ಯೋಚನೆ ಬರ್ತಿದೆಯಾ?" ಅಂತ ಅದೇ ಮಾತಲ್ಲಿ ಕೇಳಿ. ಹೌದು ಅಂದರೆ ಉಪದೇಶ ಬೇಡ. ಅಪ್ಪ ಅಮ್ಮನನ್ನು ನೆನೆಸಿಕೋ ಅನ್ನುವ ಮಾತೂ ಬೇಡ. ಅವನು ಈಗಾಗಲೇ ಅದೇ ಅಪರಾಧಿ ಭಾವದಲ್ಲಿ ಬೇಯುತ್ತಿರುತ್ತಾನೆ. ಜೊತೆಗೆ ಕೂತಿರಿ, ಕೌನ್ಸೆಲರ್ ಬಳಿ ಕರೆದುಕೊಂಡು ಹೋಗಿ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡರೂ ಈ ಒಂದು ಆಣೆ ಮುರಿಯಿರಿ.

ಹೋಗಲು ಮನಸ್ಸು ಮಾಡಿದ್ದೇನೆ. ಆದರೆ ಅಪಾಯಿಂಟ್‌ಮೆಂಟ್ ಕೇಳಲು ಏನಂತ ಬರೆಯಲಿ?

ಕಥೆ ಪೂರ್ತಿ ಬರೆಯಬೇಕಿಲ್ಲ. ನಾನು ಮೂರನೇ ಸಲ ಹೋಗುವ ಹಿಂದಿನ ರಾತ್ರಿ ಬರೆದು, ಅಳಿಸಿ, ಮತ್ತೆ ಬರೆದ ಇಮೇಲ್ ಹೆಚ್ಚುಕಡಿಮೆ ಹೀಗಿತ್ತು. ಬೇಕಾದರೆ ಹಾಗೇ ತೆಗೆದುಕೊಳ್ಳಿ.

"ನಮಸ್ಕಾರ. ನಾನು ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಕೆಲವು ವಾರಗಳಿಂದ ನಿದ್ದೆ ಸರಿಯಾಗಿಲ್ಲ, ಓದಲು ಆಗುತ್ತಿಲ್ಲ. ಒಬ್ಬ ಕೌನ್ಸೆಲರ್ ಜೊತೆ ಮಾತಾಡಬೇಕು. ಮಧ್ಯಾಹ್ನ ಎರಡರ ಮೇಲೆ ಬಿಡುವಿದೆ. ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ಗೊತ್ತಿಲ್ಲ."